ಆಗಲ್ಲ ಅನ್ನೋದಕ್ಕೂ ಕಾರಣ ಬೇಕು: ಒಗಟುಗಳಿಂದ ಲೆಕ್ಕದ ರುಚಿ ಹತ್ತಿದ್ದು

ಶಾಲೆಯಲ್ಲಿ ನನಗೆ ಗಣಿತದ ಭಯ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಬರಹಗಳೆಲ್ಲ ‘ಲೆಕ್ಕ ಅಂದರೆ ಕಬ್ಬಿಣದ ಕಡಲೆ’ ಅಂತಲೇ ಶುರುವಾಗುತ್ತವೆ. ನನಗಿದ್ದದ್ದು ಬರೀ ಬೇಜಾರು. ಸೂತ್ರ ಬಾಯಿಪಾಠ ಮಾಡು, ಸಂಖ್ಯೆ ಹಾಕು, ಉತ್ತರ ಬರೆ, ಅದರ ಕೆಳಗೆ ಎರಡು ಗೆರೆ ಎಳೆ. ಅಂಕ ಚೆನ್ನಾಗಿಯೇ ಬರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ತಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ವರ್ಗ ಸಮೀಕರಣ ಬಿಡಿಸಲು ಬರುತ್ತಿತ್ತು. ಅದು ಯಾರಿಗೆ, ಯಾತಕ್ಕೆ ಬೇಕಾಗಿತ್ತು ಅಂತ ಯಾರಾದರೂ ಕೇಳಿದ್ದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಯಾರೂ ಕೇಳಲಿಲ್ಲ ಬಿಡಿ.

ಕೆಲಸಕ್ಕೆ ಸೇರಿದ ಮೇಲೆ ಲೆಕ್ಕದ ಸಹವಾಸವೇ ತಪ್ಪಿಹೋಯಿತು. ಕೂಡಿ ಕಳೆಯುವುದಕ್ಕೆ ಯಂತ್ರ ಇತ್ತು. ಮತ್ತೆ ಅದರ ಕಡೆ ತಿರುಗಿದ್ದು ಒಬ್ಬ ಸಹೋದ್ಯೋಗಿಯಿಂದ. ಬಿಡುವಿನ ಹೊತ್ತಿನಲ್ಲಿ ಕಾಗದದ ಮೇಲೆ ಏನಾದರೂ ಗೀಚುತ್ತಲೇ ಇರುವ ಮನುಷ್ಯ. ಅವರು ಒಂದು ದಿನ ಚದುರಂಗದ ಹಾಸು ಬರೆದು, ಎದುರು ಬದುರಿನ ಎರಡು ಮೂಲೆಯ ಮನೆಗಳನ್ನು ಕತ್ತರಿಸಿ ಹಾಕಿ, ನನ್ನ ಮುಂದೆ ಇಟ್ಟರು. 64 ಮನೆಗಳಲ್ಲಿ 62 ಉಳಿದವು. ಒಂದು ಡಾಮಿನೊ ಬಿಲ್ಲೆ ಅಕ್ಕಪಕ್ಕದ ಎರಡು ಮನೆಗಳನ್ನು ಮುಚ್ಚುತ್ತದೆ. 31 ಬಿಲ್ಲೆ ಇವೆ. ಇಡೀ ಹಾಸನ್ನು ಮುಚ್ಚಿ ನೋಡೋಣ ಅಂದರು. ಬಿಲ್ಲೆ ಮುರಿಯುವ ಹಾಗಿಲ್ಲ, ಒಂದರ ಮೇಲೊಂದು ಇಡುವ ಹಾಗಿಲ್ಲ, ಹಾಸಿನ ಆಚೆ ಚಾಚುವ ಹಾಗಿಲ್ಲ.

ಇದೇನು ಮಹಾ ಅಂತ ಶುರು ಮಾಡಿದೆ. ಅಂಚಿನಿಂದ ಮುಚ್ಚುತ್ತಾ ಬಂದೆ, ಕೊನೆಗೆ ಎರಡು ಮನೆ ಉಳಿದವು, ಅಕ್ಕಪಕ್ಕ ಅಲ್ಲ. ನಡುವಿನಿಂದ ಶುರು ಮಾಡಿದೆ, ಮತ್ತೆ ಎರಡು ಉಳಿದವು. ಸುರುಳಿ ಸುತ್ತಿಕೊಂಡು ಬಂದೆ, ಅದೇ ಕಥೆ. ನನ್ನ ಕೈಚಳಕ ಸಾಲದು ಅಂದುಕೊಂಡು ಕಾಗದವನ್ನು ಮನೆಗೆ ತಂದೆ. ರಾತ್ರಿ ಕೂತು ಗೀಚುತ್ತಿರುವಾಗ, ಯಾಕೋ ಏನೋ, ಹಳೆಯ ಪ್ರಯತ್ನಗಳನ್ನು ಸಾಲಾಗಿ ಇಟ್ಟು ನೋಡಿದೆ. ಪ್ರತಿ ಸಲವೂ ಉಳಿದ ಎರಡು ಮನೆಗಳು ಒಂದೇ ಬಣ್ಣ. ಕಪ್ಪು ಕಪ್ಪು. ಬಿಳಿ ಒಂದೂ ಇಲ್ಲ.

ಅಲ್ಲಿಗೆ ಬಾಗಿಲು ತೆರೆಯಿತು. ಒಂದು ಬಿಲ್ಲೆ ಹೇಗೇ ಇಟ್ಟರೂ ಒಂದು ಕಪ್ಪು, ಒಂದು ಬಿಳಿ ಮನೆಯನ್ನೇ ಮುಚ್ಚುತ್ತದೆ. 31 ಬಿಲ್ಲೆ ಇಟ್ಟರೆ 31 ಕಪ್ಪು, 31 ಬಿಳಿ. ಆದರೆ ಎದುರು ಬದುರಿನ ಮೂಲೆಗಳ ಬಣ್ಣ ಒಂದೇ. ಅವರು ಕತ್ತರಿಸಿದ್ದು ಎರಡೂ ಬಿಳಿ. ಉಳಿದದ್ದು 32 ಕಪ್ಪು, 30 ಬಿಳಿ. ಆಗುವುದೇ ಇಲ್ಲ. ನನ್ನಿಂದ ಮಾತ್ರ ಅಲ್ಲ, ಯಾರಿಂದಲೂ ಆಗುವುದಿಲ್ಲ.

ಈ ಒಗಟನ್ನು 1946ರಲ್ಲಿ ಮ್ಯಾಕ್ಸ್ ಬ್ಲ್ಯಾಕ್ ಎಂಬ ತತ್ವಶಾಸ್ತ್ರಜ್ಞ ತನ್ನ ಪುಸ್ತಕದಲ್ಲಿ ಕೊಟ್ಟಿದ್ದ ಅಂತ ಆಮೇಲೆ ಓದಿದೆ. ಮೂಲೆ ಕತ್ತರಿಸದ ಪೂರ್ತಿ ಹಾಸನ್ನು ಬಿಲ್ಲೆಗಳಿಂದ ಮುಚ್ಚಲು 1,29,88,816 ದಾರಿಗಳಿವೆಯಂತೆ. ಎರಡು ಮೂಲೆ ಕತ್ತರಿಸಿದ ತಕ್ಷಣ ಸೊನ್ನೆ! ಒಂದೂ ಕಾಲು ಕೋಟಿಗೂ ಮೀರಿದ ದಾರಿಗಳನ್ನು ‘ಬಣ್ಣ ಎಣಿಸು’ ಎಂಬ ಒಂದೇ ಮಾತು ಮುಚ್ಚಿಬಿಟ್ಟಿತ್ತು. ಇದರಲ್ಲಿ ಸೂತ್ರ ಇಲ್ಲ, ಗುಣಾಕಾರ ಇಲ್ಲ. ಆದರೆ ಶಾಲೆಯಲ್ಲಿ ಕಲಿತ ಯಾವ ಪ್ರಮೇಯಕ್ಕಿಂತಲೂ ಇದು ನನಗೆ ಜಾಸ್ತಿ ಗಣಿತ ಅನ್ನಿಸಿತು. ‘ನನಗೆ ಬರಲಿಲ್ಲ’ ಅನ್ನುವುದಕ್ಕೂ ‘ಇದು ಆಗಲ್ಲ, ಇಗೋ ಕಾರಣ’ ಅನ್ನುವುದಕ್ಕೂ ಇರುವ ದೂರ ಎಷ್ಟು ಅಂತ ಅವತ್ತು ಗೊತ್ತಾಯಿತು.

ಮರುದಿನ ಸಹೋದ್ಯೋಗಿಗೆ ಹೇಳಿದೆ. ಅವರು ನಕ್ಕು, “ಸರಿ, ಈಗ ಒಂದು ಕಪ್ಪು, ಒಂದು ಬಿಳಿ ತೆಗೆಯಿರಿ. ಯಾವುದಾದರೂ ಸರಿ. ಯಾವಾಗಲೂ ಮುಚ್ಚೋಕೆ ಆಗತ್ತಾ?” ಅಂದರು.

ಇದು ಮೊದಲಿನದಕ್ಕಿಂತ ಎಷ್ಟೋ ಕಷ್ಟ. ಲೆಕ್ಕ ಸರಿಹೋಗುತ್ತದೆ, 31 ಕಪ್ಪು, 31 ಬಿಳಿ. ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಮುಚ್ಚಲು ಬರುತ್ತದೆ ಅಂತ ಎಲ್ಲಿದೆ? ಬಹಳ ದಿನ ಒದ್ದಾಡಿ ಕೊನೆಗೆ ಒಂದು ಸುಳಿವು ಕೇಳಿದೆ. ಎಲ್ಲ ಮನೆಗಳನ್ನೂ ಒಂದೊಂದೇ ಸಲ ಹಾದು, ಹೊರಟಲ್ಲಿಗೇ ವಾಪಸ್ ಬರುವ ಒಂದು ದಾರಿ ಎಳೆಯಿರಿ ಅಂದರು. ಎಳೆದೆ. 64 ಮನೆಗಳೂ ಒಂದು ಹಾರದಲ್ಲಿ ಪೋಣಿಸಿದ ಹಾಗೆ, ಕಪ್ಪು ಬಿಳಿ ಕಪ್ಪು ಬಿಳಿ. ಅದರಿಂದ ಒಂದು ಕಪ್ಪು, ಒಂದು ಬಿಳಿ ಕಿತ್ತರೆ ಹಾರ ಎರಡು ತುಂಡಾಗುತ್ತದೆ. ಎರಡು ತುಂಡುಗಳಲ್ಲೂ ಮನೆಗಳ ಸಂಖ್ಯೆ ಸಮವೇ. ಪ್ರತಿ ತುಂಡಿನ ಉದ್ದಕ್ಕೂ ಬಿಲ್ಲೆ ಇಡುತ್ತಾ ಹೋದರೆ ಆಯಿತು. ಅಂದರೆ ಯಾವಾಗಲೂ ಆಗುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಗಣಿತಜ್ಞ ರಾಲ್ಫ್ ಗೊಮೊರಿ. ನನಗೆ ಸುಳಿವು ಕೊಡುವವರಿದ್ದರು. ಅವರಿಗೆ ಯಾರಿದ್ದರೋ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಅದಕ್ಕೆ ನಿಯಮ ಒಂದೇ: ಉತ್ತರ ನೋಡುವುದಿಲ್ಲ. ಸುಳಿವು ಕೇಳಬಹುದು, ಯಾರ ಜೊತೆಗಾದರೂ ಮಾತಾಡಬಹುದು, ತಿಂಗಳುಗಟ್ಟಲೆ ಬಿಟ್ಟು ಬೇರೆ ಏನಾದರೂ ಮಾಡಬಹುದು. ಕೊನೆಯ ಪುಟ ತಿರುಗಿಸುವ ಹಾಗಿಲ್ಲ. ಉತ್ತರ ನೋಡಿದರೆ ‘ಓ, ಇಷ್ಟೇನಾ’ ಅನ್ನಿಸುತ್ತದೆ. ತಾನಾಗೇ ಹೊಳೆದರೆ ‘ಅಯ್ಯೋ, ಇಷ್ಟು ಹೊತ್ತೂ ಕಣ್ಣೆದುರೇ ಇತ್ತಲ್ಲ’ ಅನ್ನಿಸುತ್ತದೆ. ಎರಡಕ್ಕೂ ಅಜಗಜಾಂತರ.

ಈ ನಿಯಮದಿಂದ ನಿಜವಾಗಿ ಆದ ಉಪಕಾರ ಬೇರೆ. ಶಾಲೆಯಲ್ಲಿ ಒಂದು ಲೆಕ್ಕಕ್ಕೆ ಐದು ನಿಮಿಷ. ಅಷ್ಟರಲ್ಲಿ ಬರದಿದ್ದರೆ ಬರಲ್ಲ ಅಂತ ಅರ್ಥ, ಮುಂದಿನದಕ್ಕೆ ಹೋಗಬೇಕು. ಒಗಟಿಗೆ ಗಡುವು ಇಲ್ಲ. ಸಿಕ್ಕಿಹಾಕಿಕೊಂಡು ಸುಮ್ನೆ ಕೂರುವುದು ಸೋಲಲ್ಲ, ಅದೇ ಕೆಲಸ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದು ತಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಹೊಳೆಯುವುದು ಹೆಚ್ಚಾಗಿ ಮೇಜಿನ ಮುಂದೆ ಕೂತಾಗ ಅಲ್ಲವೇ ಅಲ್ಲ. ಆದರೆ ಮೇಜಿನ ಮುಂದೆ ಕೂತು ಒದ್ದಾಡದೆ ಇದ್ದರೆ ಬಸ್ಸಿಗೆ ಕಾಯುವಾಗಲೂ ಹೊಳೆಯುವುದಿಲ್ಲ. ಇದು ಅನುಭವದ ಮಾತು.

ಬೇಗ ಕಲಿತ ಇನ್ನೊಂದು ಉಪಾಯ, ದೊಡ್ಡದನ್ನು ಚಿಕ್ಕದು ಮಾಡಿ ನೋಡುವುದು. ಸಾಲಾಗಿ 100 ದೀಪ, ಎಲ್ಲ ಆರಿವೆ. ಮೊದಲನೆಯವನು ಬಂದು ಎಲ್ಲ ಸ್ವಿಚ್ಚನ್ನೂ ಒತ್ತುತ್ತಾನೆ. ಎರಡನೆಯವನು 2, 4, 6 ಹೀಗೆ ಒತ್ತುತ್ತಾನೆ, ಮೂರನೆಯವನು 3, 6, 9. ನೂರನೆಯವನು 100ನ್ನು ಮಾತ್ರ. ಕೊನೆಗೆ ಯಾವ ದೀಪಗಳು ಉರಿಯುತ್ತಿರುತ್ತವೆ? ನೂರು ದೀಪ ಬರೆಯುವ ತಾಳ್ಮೆ ನನಗಿಲ್ಲ. ಹತ್ತು ಬರೆದೆ. 1, 4, 9 ಉರಿದವು. ಇವು ವರ್ಗ ಸಂಖ್ಯೆಗಳು ಅಂತ ಯಾರಾದರೂ ಹೇಳುತ್ತಾರೆ. ಯಾಕೆ ಅನ್ನುವುದೇ ಒಗಟು. ಒಂದು ದೀಪವನ್ನು ಒತ್ತುವವರು ಅದರ ಅಪವರ್ತನಗಳು. 12ಕ್ಕೆ 1 ಮತ್ತು 12, 2 ಮತ್ತು 6, 3 ಮತ್ತು 4, ಎಲ್ಲ ಜೋಡಿ ಜೋಡಿ. ಒಬ್ಬ ಹೊತ್ತಿಸಿದರೆ ಇನ್ನೊಬ್ಬ ಆರಿಸುತ್ತಾನೆ. 9ಕ್ಕೆ 1 ಮತ್ತು 9, ಆಮೇಲೆ 3 ಒಂಟಿ. 3ಕ್ಕೆ ಜೋಡಿ 3ನೇ. ಅದಕ್ಕೇ ದೀಪ ಉಳಿಯುತ್ತದೆ. ಅಪವರ್ತನ ಅಂತ ಶಾಲೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅವು ಜೋಡಿಯಾಗಿ ಬರುತ್ತವೆ ಅನ್ನುವುದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಅಕ್ಕನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ರಜೆಗೆ ಬಂದಾಗ ನನ್ನ ನೋಟ್‌ಬುಕ್ ಅವಳ ಕೈಗೆ ಸಿಕ್ಕಿತು. ಅವಳಿಗೂ ನನ್ನ ಹಾಗೆಯೇ, ಅಂಕಕ್ಕೆ ಕೊರತೆಯಿಲ್ಲ, ಆಸಕ್ತಿ ಕಡಿಮೆ. ಇದನ್ನು ಮಾಡು ಅಂತ ಒಂದು ಹಳೆಯ ಒಗಟು ಕೊಟ್ಟೆ. 1512ರಲ್ಲಿ ಇಟಲಿಯ ಗುವಾರಿನಿ ಬರೆದಿಟ್ಟದ್ದು. ಮೂರಕ್ಕೆ ಮೂರು ಮನೆಗಳ ಪುಟ್ಟ ಚದುರಂಗದ ಹಾಸು. ಮೇಲಿನ ಎರಡು ಮೂಲೆಯಲ್ಲಿ ಬಿಳಿ ಕುದುರೆ, ಕೆಳಗಿನ ಎರಡು ಮೂಲೆಯಲ್ಲಿ ಕಪ್ಪು ಕುದುರೆ. ಚದುರಂಗದ ಕುದುರೆ ನಡೆಯುವ ಹಾಗೆಯೇ ನಡೆಸಿ ಬಿಳಿ ಇದ್ದಲ್ಲಿಗೆ ಕಪ್ಪು, ಕಪ್ಪು ಇದ್ದಲ್ಲಿಗೆ ಬಿಳಿ ಬರಬೇಕು.

ನಾಲ್ಕು ಗುಂಡಿ ಇಟ್ಟುಕೊಂಡು ಅವಳು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ, “ಚಿಕ್ಕಮ್ಮ, ಎಲ್ಲ ಗೋಜಲಾಗ್ತಿದೆ. ಇದೂ ಆಗಲ್ಲ ಅನ್ನೋ ಜಾತಿದೇನಾ?”

“ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಹೇಳು.”

“ಹೋಗು ನೀನು!”

ಆದರೆ ಬಿಡಲಿಲ್ಲ. ಮನೆಗಳಿಗೆ 1ರಿಂದ 9ರ ತನಕ ಸಂಖ್ಯೆ ಕೊಟ್ಟಳು. ಎಲ್ಲಿಂದ ಎಲ್ಲಿಗೆ ಹಾರಬಹುದು ಅಂತ ಬರೆಯುತ್ತಾ ಹೋದಳು. 1ರಿಂದ 6ಕ್ಕೆ ಮತ್ತು 8ಕ್ಕೆ. 6ರಿಂದ 1ಕ್ಕೆ ಮತ್ತು 7ಕ್ಕೆ. ನಡುವಿನ 5ಕ್ಕೆ ಯಾರೂ ಹೋಗಲಾರರು. ಬರೆದು ಮುಗಿಸಿ, “ಪ್ರತಿಯೊಂದಕ್ಕೂ ಎರಡೇ ದಾರಿ!” ಅಂದಳು. ಎಳೆ ಹಿಡಿದು ಹೋದರೆ 1, 6, 7, 2, 9, 4, 3, 8, ಮತ್ತೆ 1. ಗೋಜಲಾಗಿದ್ದ ಹಾಸು ಬಿಚ್ಚಿಕೊಂಡು ಒಂದು ವೃತ್ತ ಆಯಿತು. ಎಂಟು ಮನೆಗಳ ವೃತ್ತ, ಒಂದು ಬಿಟ್ಟು ಒಂದು ಮನೆಯಲ್ಲಿ ಕುದುರೆ. ಈಗ ಕಣ್ಣು ಮುಚ್ಚಿ ಮಾಡಬಹುದು. ಎಲ್ಲರೂ ಒಂದೇ ದಿಕ್ಕಿನಲ್ಲಿ ಅರ್ಧ ಸುತ್ತು ಬಂದರೆ ಆಯಿತು. ನಾಲ್ಕು ಕುದುರೆ, ತಲಾ ನಾಲ್ಕು ಹೆಜ್ಜೆ, 16 ನಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ಒಗಟು. ಅವಳು ನಿಲ್ಲಿಸಲಿಲ್ಲ. ಬಿಳಿ ಎರಡೂ ಓರೆ ಮೂಲೆಗಳಿಗೆ, ಕಪ್ಪು ಎರಡೂ ಇನ್ನೆರಡು ಓರೆ ಮೂಲೆಗಳಿಗೆ ಬರುವ ಹಾಗೆ ಮಾಡಬಹುದಾ ಅಂತ ತಾನೇ ಕೇಳಿಕೊಂಡಳು. ವೃತ್ತವನ್ನೇ ನೋಡುತ್ತಾ ಕೂತು, “ಆಗಲ್ಲ. ಕಾರಣ ಇದೆ” ಅಂದಳು. ವೃತ್ತದಲ್ಲಿ ಒಬ್ಬರನ್ನೊಬ್ಬರು ದಾಟಿ ಮುಂದೆ ಹೋಗುವ ಹಾಗಿಲ್ಲ. ಶುರುವಿನಲ್ಲಿ ಸುತ್ತಲಿನ ಕ್ರಮ ಬಿಳಿ, ಕಪ್ಪು, ಕಪ್ಪು, ಬಿಳಿ. ಅಂದರೆ ಎರಡು ಬಿಳಿ ಒಟ್ಟಿಗೆ, ಎರಡು ಕಪ್ಪು ಒಟ್ಟಿಗೆ. ಅವಳಿಗೆ ಬೇಕಾದ್ದು ಬಿಳಿ, ಕಪ್ಪು, ಬಿಳಿ, ಕಪ್ಪು. ಎಷ್ಟು ಸುತ್ತಿದರೂ ಕ್ರಮ ಬದಲಾಗುವುದಿಲ್ಲ. ಈ ಪ್ರಶ್ನೆ ನನ್ನ ನೋಟ್‌ಬುಕ್‌ನಲ್ಲಿ ಇರಲಿಲ್ಲ. ಈಗ ಅವಳ ಅಕ್ಷರದಲ್ಲಿ ಇದೆ.

ಎಲ್ಲ ಒಗಟೂ ಹೀಗಿರುವುದಿಲ್ಲ. ಕೆಲವನ್ನು ನಾನು ಹತ್ತಿರ ಸೇರಿಸುವುದಿಲ್ಲ. ಫೋನಿನಲ್ಲಿ ಓಡಾಡುವ ‘ನೂರಕ್ಕೆ ತೊಂಬತ್ತು ಜನರಿಗೆ ಬರಲ್ಲ’ ಜಾತಿಯವು. 8ನ್ನು 2ರಿಂದ ಭಾಗಿಸಿ, ಪಕ್ಕದಲ್ಲೇ ಗುಣಾಕಾರದ ಗುರುತಿಲ್ಲದೆ ಒಂದು ಆವರಣ ಹಾಕಿ, ಒಳಗೆ 2 ಕೂಡಿಸು 2. ಉತ್ತರ 1 ಅನ್ನುವವರು ಒಂದು ಕಡೆ, 16 ಅನ್ನುವವರು ಇನ್ನೊಂದು ಕಡೆ, ನಡುವೆ ಜಗಳ. ಇದರಲ್ಲಿ ಗಣಿತ ಏನೂ ಇಲ್ಲ. ಬರೆದವರು ಸರಿಯಾಗಿ ಆವರಣ ಹಾಕಿಲ್ಲ, ಅಷ್ಟೇ. ಅಡ್ರೆಸ್ ಅರ್ಧ ಬರೆದು ಮನೆ ಹುಡುಕು ಅಂದ ಹಾಗೆ.

‘ಮುಂದಿನ ಸಂಖ್ಯೆ ಯಾವುದು’ ಅನ್ನುವವೂ ನನಗೆ ಅಷ್ಟಕ್ಕಷ್ಟೇ. 1, 2, 4, 8, 16, ಮುಂದೆ? 32 ಅಂತ ಎಲ್ಲರೂ ಹೇಳುತ್ತಾರೆ. ಒಂದು ವೃತ್ತ ಬರೆಯಿರಿ. ಅದರ ಅಂಚಿನ ಮೇಲೆ ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯನ್ನೂ ಉಳಿದ ಎಲ್ಲ ಚುಕ್ಕೆಗಳಿಗೂ ಗೆರೆ ಎಳೆದು ಸೇರಿಸಿ. ವೃತ್ತ ಎಷ್ಟು ತುಂಡಾಯಿತು? ಒಂದು ಚುಕ್ಕೆಗೆ 1 ತುಂಡು. ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 31. ಎಣಿಸಿ ನೋಡಿ, 32 ಬರುವುದಿಲ್ಲ. ಚುಕ್ಕೆಗಳನ್ನು ಸರಿಸಮ ದೂರದಲ್ಲಿ ಇಟ್ಟರೆ ಮೂರು ಗೆರೆ ನಡುವೆ ಒಂದೇ ಕಡೆ ಕೂಡಿ 30 ಆಗಿಬಿಡುತ್ತದೆ. ಸ್ವಲ್ಪ ಸರಿಸಿ ಇಡಬೇಕು.

ಇದು ನನ್ನನ್ನು ಬಹಳ ದಿನ ಕಾಡಿತು. ಐದು ಸಲ ಸರಿಯಾಗಿ ಬಂದದ್ದು ಆರನೇ ಸಲ ಕೈಕೊಡುವುದು ಅಂದರೇನು? ಕೊನೆಗೆ ದಾರಿ ಸಿಕ್ಕಿದ್ದು ಗೆರೆಗಳನ್ನು ಒಂದೊಂದಾಗಿ ಎಳೆದಾಗ. ಹೊಸ ಗೆರೆ ಒಂದು ತುಂಡು ಹೆಚ್ಚಿಸುತ್ತದೆ. ಅದು ಹಳೆಯ ಗೆರೆಗಳನ್ನು ಎಷ್ಟು ಕಡೆ ಕತ್ತರಿಸುತ್ತದೋ ಅಷ್ಟು ತುಂಡು ಮತ್ತೂ ಹೆಚ್ಚು. ಹಾಗಾಗಿ ಒಟ್ಟು ತುಂಡು ಅಂದರೆ 1, ಜೊತೆಗೆ ಗೆರೆಗಳ ಸಂಖ್ಯೆ, ಜೊತೆಗೆ ಅವು ಕತ್ತರಿಸುವ ಜಾಗಗಳ ಸಂಖ್ಯೆ. ಆರು ಚುಕ್ಕೆಗಳಲ್ಲಿ ಎರಡನ್ನು ಆರಿಸಿದರೆ ಒಂದು ಗೆರೆ, ಅದಕ್ಕೆ 15 ದಾರಿ. ನಾಲ್ಕನ್ನು ಆರಿಸಿದರೆ ಗೆರೆಗಳು ಕತ್ತರಿಸುವ ಒಂದು ಜಾಗ, ಅದಕ್ಕೂ 15. 1, 15, 15, ಒಟ್ಟು 31. ಸಂಯೋಜನೆ ಅಂತ ಪಠ್ಯದಲ್ಲಿದ್ದ ಸೂತ್ರ ಇಲ್ಲಿ ತಾನಾಗೇ ಬಂದು ಬಾಗಿಲು ತಟ್ಟಿತು. ನಾನು ಹುಡುಕಿಕೊಂಡು ಹೋಗಿರಲಿಲ್ಲ. ಒಂದು ವಿಷಯ ಆಗ ಗಟ್ಟಿಯಾಯಿತು. ಮಾದರಿ ಕಾಣುವುದು ಬೇರೆ, ಅದಕ್ಕೆ ಕಾರಣ ಗೊತ್ತಿರುವುದು ಬೇರೆ. ‘ಮುಂದಿನ ಸಂಖ್ಯೆ’ ಒಗಟುಗಳು ಮೊದಲನೆಯದಕ್ಕೆ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಸುಡೊಕು ಕೆಲವು ಕಾಲ ಹಿಡಿಸಿತ್ತು. ಆಮೇಲೆ ಅದೇ ಕೆಲಸ ಮತ್ತೆ ಮತ್ತೆ ಅನ್ನಿಸಿ ಬಿಟ್ಟೆ. ಸುಡೊಕು ಬಿಡಿಸುವುದಕ್ಕಿಂತ ಸುಡೊಕು ಬಗ್ಗೆ ಕೇಳುವ ಪ್ರಶ್ನೆಗಳು ನನಗೆ ರುಚಿ. ಒಂದೇ ಉತ್ತರ ಬರಬೇಕಾದರೆ ಮೊದಲೇ ಕೊಡಬೇಕಾದ ಅಂಕಿಗಳು ಕನಿಷ್ಠ ಎಷ್ಟು? 17. 16ರಲ್ಲಿ ಆಗುವುದೇ ಇಲ್ಲ ಅಂತ 2012ರಲ್ಲಿ ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವಾಯರ್ ತಂಡ ಕಂಪ್ಯೂಟರಿನಿಂದ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿಸಿ ತೋರಿಸಿತು. ಜಾಲಾಡದೆ ಹೇಳುವ ಕಾರಣ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಇದು ನನ್ನ ದುರಾಸೆ.

ಸಂಭವನೀಯತೆಯ ಒಗಟುಗಳ ಜೊತೆ ನನಗೆ ಇನ್ನೂ ಅಷ್ಟು ಸ್ನೇಹ ಇಲ್ಲ. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ. ಎಲ್ಲಿ ಏನಿದೆ ಅಂತ ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಮೇಕೆ ಇರುವ ಬಾಗಿಲನ್ನು ತೆರೆದು ತೋರಿಸಿ, ಬದಲಾಯಿಸ್ತೀರಾ ಅಂತ ಕೇಳುತ್ತಾನೆ. ಬದಲಾಯಿಸುವುದೇ ಲಾಭ ಅಂತ 1990ರಲ್ಲಿ ಮೆರಿಲಿನ್ ವಾಸ್ ಸವಾಂಟ್ ತಮ್ಮ ಅಂಕಣದಲ್ಲಿ ಬರೆದಾಗ ಸಾವಿರಾರು ಜನ ಅದು ತಪ್ಪು ಅಂತ ಪತ್ರ ಬರೆದರು. ಅವರಲ್ಲಿ ಗಣಿತದ ಪಂಡಿತರೂ ಇದ್ದರು. ಆಕೆಯೇ ಸರಿ. ಮೊದಲ ಆಯ್ಕೆ ತಪ್ಪಾಗಿದ್ದರೆ ಬದಲಾಯಿಸಿದವರು ಗೆಲ್ಲುತ್ತಾರೆ. ಮೊದಲ ಆಯ್ಕೆ ತಪ್ಪಾಗುವುದು ಮೂರರಲ್ಲಿ ಎರಡು ಸಲ. ಈ ಎರಡು ವಾಕ್ಯ ನನಗೆ ಅರ್ಥವಾಗುತ್ತದೆ. ಆದರೂ ಮನಸ್ಸು ಎರಡು ಬಾಗಿಲು, ಅರ್ಧ ಅರ್ಧ ಅಂತಲೇ ಹಟ ಹಿಡಿಯುತ್ತದೆ. ಪಾಲ್ ಎರ್ಡಿಶ್‌ನಂಥ ಗಣಿತಜ್ಞನೂ ಕಂಪ್ಯೂಟರಿನಲ್ಲಿ ಆಡಿಸಿ ತೋರಿಸುವ ತನಕ ಒಪ್ಪಿರಲಿಲ್ಲವಂತೆ. ಹಾಗಾಗಿ ನನಗೆ ನಾಚಿಕೆ ಏನಿಲ್ಲ.

ಈಗ ನಾನು ಇರುವುದು ಒಂದು ರಸ್ತೆಯಲ್ಲಿ. ಅಲ್ಲಿಂದ ಹೊರಗೆ ಬರಲು ಆಗಿಲ್ಲ, ಬರುವ ಆಸೆಯೂ ಇಲ್ಲ. ಒಗಟು ಹೀಗಿದೆ. ಉದ್ದನೆಯ ರಸ್ತೆ, ಒಂದೇ ಸಾಲಿನಲ್ಲಿ ಮನೆಗಳು, 1, 2, 3 ಅಂತ ಸಂಖ್ಯೆ. ಒಬ್ಬ ಸ್ನೇಹಿತನ ಮನೆ ಅಲ್ಲಿದೆ. ಅವನ ಮನೆಯ ಎಡಕ್ಕಿರುವ ಸಂಖ್ಯೆಗಳನ್ನೆಲ್ಲ ಕೂಡಿಸಿದರೂ ಬಲಕ್ಕಿರುವ ಸಂಖ್ಯೆಗಳನ್ನೆಲ್ಲ ಕೂಡಿಸಿದರೂ ಅಷ್ಟೇ ಬರುತ್ತದೆ. ಒಟ್ಟು ಮನೆಗಳು 50ಕ್ಕಿಂತ ಜಾಸ್ತಿ, 500ಕ್ಕಿಂತ ಕಡಿಮೆ. 1914ರಲ್ಲಿ ಕೇಂಬ್ರಿಡ್ಜ್‌ನಲ್ಲಿ, ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಪಿ. ಸಿ. ಮಹಾಲನೋಬಿಸ್ ಇದನ್ನು ಒಂದು ಪತ್ರಿಕೆಯಿಂದ ಓದಿ ಹೇಳಿದಾಗ ಶ್ರೀನಿವಾಸ ರಾಮಾನುಜನ್ ಅಡುಗೆ ಮಾಡುತ್ತಿದ್ದರು. ಕೈಯಾಡಿಸುತ್ತಲೇ ಬರೆದುಕೋ ಅಂತ ಒಂದು ಸರಪಳಿ ಭಿನ್ನರಾಶಿಯನ್ನು, ಅಂದರೆ ಛೇದದೊಳಗೆ ಮತ್ತೆ ಭಿನ್ನರಾಶಿ ಬರುತ್ತಾ ಹೋಗುವಂಥದ್ದನ್ನು, ಹೇಳಿದರಂತೆ. ಅದರಲ್ಲಿ ಈ ಉತ್ತರ ಮಾತ್ರ ಅಲ್ಲ, ರಸ್ತೆ ಎಷ್ಟೇ ಉದ್ದ ಇದ್ದರೂ ಬರುವ ಎಲ್ಲ ಉತ್ತರಗಳೂ ಇದ್ದವು.

ನಾನು ರಾಮಾನುಜನ್ ಅಲ್ಲ. ಚಿಕ್ಕದು ಮಾಡಿ ನೋಡಿದೆ. ಎಂಟು ಮನೆಗಳ ರಸ್ತೆಯಲ್ಲಿ 6ನೇ ಮನೆ ಸಿಕ್ಕಿತು. ಎಡಕ್ಕೆ 1ರಿಂದ 5ರ ಮೊತ್ತ 15, ಬಲಕ್ಕೆ 7 ಮತ್ತು 8, ಅದೂ 15. ಮುಂದಿನದನ್ನು ಹುಡುಕುತ್ತಾ ಕೂತರೆ ಬೆಳಗಾಗುತ್ತದೆ. ಕಾರಣ ಹುಡುಕಿದೆ. ಎಡ, ಬಲ, ನಡುವಿನ ಮನೆ, ಮೂರೂ ಸೇರಿದರೆ ಇಡೀ ರಸ್ತೆಯ ಮೊತ್ತ. ಎಡ ಬಲ ಒಂದೇ ಆದ್ದರಿಂದ ಇದು ಎಡದ ಎರಡು ಪಟ್ಟು ಮತ್ತು ಆ ಮನೆ. ಮನೆ 6 ಆದರೆ ಎಡದ ಎರಡು ಪಟ್ಟು ಅಂದರೆ 6 ಗುಣಿಸು 5. ಅದಕ್ಕೆ ಇನ್ನೊಂದು 6 ಸೇರಿಸಿದರೆ 6 ಗುಣಿಸು 6. ಮನೆಯ ವರ್ಗ! ಯಾವ ಮನೆಗಾದರೂ ಇದು ನಿಜ. ಅಂದರೆ 1ರಿಂದ ಕೊನೆಯ ಮನೆಯ ತನಕ ಕೂಡಿಸಿದ ಮೊತ್ತ ಒಂದು ವರ್ಗ ಸಂಖ್ಯೆ ಆಗಬೇಕು. 1ರಿಂದ 8ರ ಮೊತ್ತ 36, ಸರಿಯಾಗಿ 6ರ ವರ್ಗ.

ಈಗ ಹುಡುಕಾಟ ಸುಲಭ. 1ರಿಂದ 49ರ ಮೊತ್ತ 1225, ಅದು 35ರ ವರ್ಗ. ಆದರೆ 49 ಮನೆ ಸಾಲದು, 50 ದಾಟಬೇಕು. ಒಗಟು ಮಾಡಿದವರ ತುಂಟತನ ನೋಡಿ! ಅಲ್ಲಿಂದ ಮುಂದೆ 1ರಿಂದ 288ರ ಮೊತ್ತ 41616, ಅದು 204ರ ವರ್ಗ. ಸ್ನೇಹಿತನ ಮನೆ 204, ರಸ್ತೆಯಲ್ಲಿ 288 ಮನೆ.

ಉತ್ತರ ಸಿಕ್ಕಿತು, ನಾನು ಪುಟ ತಿರುಗಿಸಲಿಲ್ಲ. 1, 6, 35, 204. ಇವು ಸುಮ್ನೆ ಬಂದ ಸಂಖ್ಯೆಗಳ ಹಾಗೆ ಕಾಣಲಿಲ್ಲ. 6ರ ಆರು ಪಟ್ಟಿನಿಂದ 1 ಕಳೆದರೆ 35. 35ರ ಆರು ಪಟ್ಟಿನಿಂದ 6 ಕಳೆದರೆ 204. ಹಾಗಾದರೆ ಮುಂದಿನದು 204ರ ಆರು ಪಟ್ಟು ಕಳೆ 35, ಅಂದರೆ 1189. ಪರೀಕ್ಷಿಸಿದೆ. 1681 ಮನೆಗಳ ರಸ್ತೆಗೆ ಅದು ಹೊಂದಿತು. ಮಾದರಿ ಕಂಡಿತು, ಸರಿ, ಕಾರಣ? ಮೇಲಿನ 31ರ ಏಟು ತಿಂದವಳು ನಾನು.

ಕಾರಣ ಹುಡುಕುತ್ತಾ ಹೋದವಳು ಎಲ್ಲೋ ಹೊಕ್ಕು ಎಲ್ಲೋ ಎದ್ದೆ. ಒಟ್ಟು ಮನೆಗಳ ಎರಡು ಪಟ್ಟಿಗೆ 1 ಸೇರಿಸಿ. 8ರಿಂದ 17, 49ರಿಂದ 99, 288ರಿಂದ 577. ಈಗ 17ರ ವರ್ಗ 289. 6ರ ವರ್ಗದ ಎಂಟು ಪಟ್ಟು 288. ವ್ಯತ್ಯಾಸ 1. 99ರ ವರ್ಗ 9801, 35ರ ವರ್ಗದ ಎಂಟು ಪಟ್ಟು 9800. ವ್ಯತ್ಯಾಸ 1. 577ರ ವರ್ಗ 332929, 204ರ ವರ್ಗದ ಎಂಟು ಪಟ್ಟು 332928. ಮತ್ತೆ 1. ಒಂದು ವರ್ಗದಿಂದ ಇನ್ನೊಂದು ವರ್ಗದ ಇಷ್ಟು ಪಟ್ಟು ಕಳೆದರೆ 1 ಉಳಿಯಬೇಕು ಅನ್ನುವ ಈ ಬಗೆಯ ಲೆಕ್ಕಕ್ಕೆ ನಮ್ಮ ಹಳಬರು ವರ್ಗಪ್ರಕೃತಿ ಅಂತ ಹೆಸರಿಟ್ಟಿದ್ದರು. ಬ್ರಹ್ಮಗುಪ್ತ 628ರಲ್ಲೇ ಇದನ್ನು ಬರೆದಿದ್ದಾನೆ. ಒಂದು ಉತ್ತರ ಸಿಕ್ಕರೆ ಅದನ್ನು ಅದರ ಜೊತೆಗೇ ಬೆಸೆದು ಇನ್ನೊಂದು ಉತ್ತರ ಪಡೆಯುವ ವಿಧಾನ ಅವನದು. ಅದಕ್ಕೆ ಭಾವನಾ ಅಂತ ಹೆಸರು. ನನ್ನ ‘ಆರು ಪಟ್ಟು ಕಳೆ ಹಿಂದಿನದು’ ಯಾಕೆ ನಿಲ್ಲುತ್ತದೆ ಅನ್ನುವುದು ಅದರಿಂದ ಬಿಡಿಸಿಕೊಂಡಿತು. ಒಂದು ಪುಟ ಬೀಜಗಣಿತ ಬೇಕಾಯಿತು. ಶಾಲೆ ಬಿಟ್ಟ ಮೇಲೆ ಬೇಕು ಅಂತಲೇ ಮಾಡಿದ ಮೊದಲ ಬೀಜಗಣಿತ ಅದು.

ಇನ್ನೂ ಒಂದಿದೆ. 17ನ್ನು 6ರ ಎರಡು ಪಟ್ಟಿನಿಂದ, ಅಂದರೆ 12ರಿಂದ ಭಾಗಿಸಿ. 1.41666. 99ನ್ನು 70ರಿಂದ ಭಾಗಿಸಿದರೆ 1.414285. 577ನ್ನು 408ರಿಂದ ಭಾಗಿಸಿದರೆ 1.4142156. 2ರ ವರ್ಗಮೂಲ 1.4142135. ಹತ್ತಿರ ಹತ್ತಿರ ಬರುತ್ತಿದೆ! ಇದನ್ನು ನೋಡಿದ ಮೇಲೆ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಕೊಟ್ಟಿರುವ ಅಳತೆ ಓದಿದೆ. ಒಂದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದು ಭಾಗ ಸೇರಿಸು, ಕೊನೆಗೆ ಅದರ ಮೂವತ್ತನಾಲ್ಕನೇ ಒಂದು ಭಾಗ ಕಳೆ. ಕಾಗದದ ಮೇಲೆ ಕೂಡಿ ಕಳೆದೆ. 577 ಭಾಗಿಸು 408. ಕ್ರಿಸ್ತನಿಗೂ ಎಷ್ಟೋ ಶತಮಾನ ಹಿಂದೆ ಯಜ್ಞವೇದಿ ಕಟ್ಟಲು ಹಗ್ಗ ಹಿಡಿದು ಅಳೆಯುತ್ತಿದ್ದವರು ಬಳಸಿದ ಅದೇ 577, 1914ರ ಪತ್ರಿಕೆಯ ಒಗಟಿನ ರಸ್ತೆಯಲ್ಲಿ. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಒಂದು ಸುತ್ತು ನಡೆದು ಬಂದೆ.

ವರ್ಗದ ಎಂಟು ಪಟ್ಟಿನಲ್ಲಿ ಎಂಟರ ಬದಲು ಬೇರೆ ಸಂಖ್ಯೆ ಹಾಕಿದರೆ ಏನಾಗುತ್ತದೆ ಅಂತ ಈಗ ನೋಡುತ್ತಿದ್ದೇನೆ. 7 ಹಾಕಿದರೆ ಸುಲಭ, 8ರ ವರ್ಗ 64, 3ರ ವರ್ಗದ ಏಳು ಪಟ್ಟು 63. 13ಕ್ಕೆ ಬಂದರೆ 649 ಮತ್ತು 180ರ ತನಕ ಹೋಗಬೇಕು. 61 ರಾಕ್ಷಸ. ಭಾಸ್ಕರಾಚಾರ್ಯ 1150ರ ಹೊತ್ತಿಗೆ ಚಕ್ರವಾಳ ವಿಧಾನದಿಂದ, ಅಂದರೆ ಹತ್ತಿರದ ಒಂದು ಉತ್ತರ ಹಿಡಿದು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗಿ, ಅದನ್ನು ಬಿಡಿಸಿ 1766319049 ಮತ್ತು 226153980 ಅಂತ ಉತ್ತರ ಕೊಟ್ಟಿದ್ದಾನೆ. ಅದೇ ಲೆಕ್ಕವನ್ನು 1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಹಾಕಿದ. ಇಲ್ಲಿ ಉತ್ತರ ಮೊದಲೇ ಗೊತ್ತಾಗಿಬಿಟ್ಟಿದೆ, ನನ್ನ ನೋಟ್‌ಬುಕ್ಕಿನ ನಿಯಮ ಮುರಿದಿದೆ. ಆದರೂ ಮಜಾ ಕೆಟ್ಟಿಲ್ಲ, ಯಾಕೆಂದರೆ ಹತ್ತಂಕಿಯ ಆ ಸಂಖ್ಯೆಗೆ ಕೈಬರಹದಲ್ಲಿ ತಲುಪುವುದು ಹೇಗೆ ಅನ್ನುವುದು ಉತ್ತರದಲ್ಲಿ ಬರೆದಿರುವುದಿಲ್ಲ. 8ರ ವರ್ಗ 64, ಅದರಿಂದ 61 ಕಳೆದರೆ 3, ಅಲ್ಲಿಂದ ಶುರು. ಈಗ 39 ಮತ್ತು 5ರಲ್ಲಿ ನಿಂತಿದ್ದೇನೆ. 39ರ ವರ್ಗ 1521, 5ರ ವರ್ಗದ 61 ಪಟ್ಟು 1525. ನಾಲ್ಕು ಕಡಿಮೆ. ಆ ನಾಲ್ಕನ್ನು ಕಳೆದುಕೊಳ್ಳಲು ಬ್ರಹ್ಮಗುಪ್ತನ ಇನ್ನೊಂದು ಉಪಾಯ ಇದೆಯಂತೆ. ಅದನ್ನು ಓದದೆ ನಾನೇ ಕಂಡುಹಿಡಿಯಬಹುದಾ ಅಂತ ಈ ವಾರವೆಲ್ಲ ಗೀಚುತ್ತಿದ್ದೇನೆ. ಅಕ್ಕನ ಮಗಳು ಫೋನಿನಲ್ಲಿ ಸುಳಿವು ಬೇಕಾ ಅಂತ ಕೇಳಿದಳು. ಅವಳು ಓದಿಬಿಟ್ಟಿದ್ದಾಳೆ. ಬೇಡ ಅಂದೆ.